ನಗಿಸುವ ಸೂಪರ್‌ಹೀರೊ ತಂಡಕ್ಕೂ ಒಂದು ಒಡ್ಡೋಲಗ ಬೇಕು

(ಕಾಸರಗೋಡಿನ ವಾಚನಾಲಯವೊಂದರಲ್ಲಿ ಸಿನಿಮಾಸಕ್ತರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ)

ಸಹೃದಯರೇ,

ಯಕ್ಷಗಾನದಲ್ಲಿ ಪಾಂಡವರ ಒಡ್ಡೋಲಗ, ಅಂದರೆ ವೇಷಗಳ ಮೊದಲ ರಂಗಪ್ರವೇಶ, ನೋಡಿದವರಿಗೆ ಇವತ್ತಿನ ವಿಷಯದ ಅರ್ಧ ಪಾಲು ಮೊದಲೇ ಗೊತ್ತುಂಟು. ತೆರೆಯ ಹಿಂದಿನಿಂದ ಐದು ಮಂದಿ ಬರುತ್ತಾರೆ. ಪ್ರಸಂಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿಲ್ಲ, ಯಾರೂ ಅರ್ಥ, ಅಂದರೆ ಪಾತ್ರದ ಮಾತು, ಹೇಳಿಲ್ಲ. ಆದರೂ ಧರ್ಮರಾಯನ ತಾಳ್ಮೆ, ಭೀಮನ ಅವಸರ, ಅರ್ಜುನನ ಗತ್ತು ನೋಡುವವರ ಮನಸ್ಸಿನಲ್ಲಿ ಕೂತಾಗಿದೆ. ವೇಷ, ನಿಂತ ಭಂಗಿ, ಹೆಜ್ಜೆಯ ಭಾರ, ಇಷ್ಟರಲ್ಲೇ ಕೆಲಸ ಮುಗಿಯಿತು. ಮುಂದೆ ಭೀಮ ಗದೆ ಎತ್ತಿದರೆ ಯಾಕೆ ಎತ್ತಿದ ಎಂದು ಯಾರಿಗೂ ವಿವರಿಸಬೇಕಾಗಿಲ್ಲ.

ಸೂಪರ್‌ಹೀರೊಗಳ ತಂಡವನ್ನಿಟ್ಟುಕೊಂಡು ನಗಿಸುವ ಸಿನಿಮಾ ಮಾಡುವವರ ಮೊದಲ ಕಷ್ಟವೂ ಇದೇ. ಒಬ್ಬನೇ ನಾಯಕನಾದರೆ ಅವನ ಪರಿಚಯಕ್ಕೆ 20 ನಿಮಿಷ ಕೊಡಬಹುದು. ಐವರಿಗೆ ತಲಾ 20 ನಿಮಿಷ ಹಂಚಿದರೆ ಎರಡು ಗಂಟೆಯ ಸಿನಿಮಾದಲ್ಲಿ ಕಥೆಗೆ ಉಳಿಯುವುದು 20 ನಿಮಿಷ ಮಾತ್ರ. ಈ ಕಷ್ಟವನ್ನು ಚೆನ್ನಾಗಿ ನಿಭಾಯಿಸಿದ ಒಂದು ಸಿನಿಮಾವನ್ನು ಮುಂದಿಟ್ಟುಕೊಂಡು ಮಾತಾಡೋಣ: ಜೇಮ್ಸ್ ಗನ್ ನಿರ್ದೇಶಿಸಿದ, 2014ರ ಆಗಸ್ಟ್ 1ರಂದು ಅಮೆರಿಕದಲ್ಲಿ ತೆರೆಕಂಡ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’. ಉದ್ದ 121 ನಿಮಿಷ. ಇದನ್ನೇ ಆರಿಸಲು ಕಾರಣ ಉಂಟು. ಸ್ಪೈಡರ್‌ಮ್ಯಾನ್, ಸೂಪರ್‌ಮ್ಯಾನ್ ಆದರೆ ಚಿತ್ರಮಂದಿರಕ್ಕೆ ಬರುವವರಿಗೆ ಮೊದಲೇ ಪರಿಚಯ. ಈ ಐವರನ್ನು ಮಾತ್ರ ಕಾಮಿಕ್ಸ್ ಓದುವ ಸಣ್ಣ ಬಳಗ ಬಿಟ್ಟರೆ ಹೊರಗಿನವರು ಕೇಳಿಯೇ ಇರಲಿಲ್ಲ. ಎಲ್ಲರೂ ಅಪರಿಚಿತರು, ಅದರಲ್ಲಿ ಒಬ್ಬ ಮರ, ಇನ್ನೊಬ್ಬ ರಾಕೂನ್.

ಮೊದಲು ಮೂಲದ ಕಥೆ. ಗಾರ್ಡಿಯನ್ಸ್ ಎಂಬ ಹೆಸರಿನ ತಂಡ ಮಾರ್ವೆಲ್ ಕಾಮಿಕ್ಸ್‌ನಲ್ಲಿ ಮೊದಲು ಬಂದದ್ದು 1969ರಲ್ಲಿ. ಬರೆದವರು ಆರ್ನಾಲ್ಡ್ ಡ್ರೇಕ್, ಚಿತ್ರ ಜೀನ್ ಕೋಲನ್ ಅವರದು. ಆ ತಂಡದ ಕಥೆ ನಡೆಯುವುದು ಸಾವಿರ ವರ್ಷದ ಮುಂದೆ, ಸದಸ್ಯರೂ ಬೇರೆಯೇ. ಸಿನಿಮಾದವರು ಹಿಡಿದದ್ದು ಅದನ್ನಲ್ಲ. 2008ರಲ್ಲಿ ಡ್ಯಾನ್ ಆಬ್ನೆಟ್ ಮತ್ತು ಆಂಡಿ ಲ್ಯಾನಿಂಗ್ ಅದೇ ಹೆಸರಿನಲ್ಲಿ ಹೊಸದಾಗಿ ಕಟ್ಟಿದ ತಂಡವನ್ನು. ಆ ಮಾಲಿಕೆ 25 ಸಂಚಿಕೆ ಬಂದು 2010ರಲ್ಲಿ ನಿಂತಿತು.

ಆ ಇಬ್ಬರು ಮಾಡಿದ ಕೆಲಸ ಅಟ್ಟದ ಮೇಲಿನ ಹಳೆ ಪಾತ್ರೆಗಳನ್ನು ಇಳಿಸಿ ತಿಕ್ಕಿ ಒಲೆಗಿಟ್ಟಂತೆ. ಸ್ಟಾರ್‌ಲಾರ್ಡ್ 1976ರವ. ಗಮೋರಾ 1975ರವಳು, ಡ್ರಾಕ್ಸ್ 1973ರವ. ಇಬ್ಬರನ್ನೂ ಸೃಷ್ಟಿಸಿದವರು ಜಿಮ್ ಸ್ಟಾರ್ಲಿನ್. ರಾಕೂನ್ ಆದ ರಾಕೆಟ್‌ನನ್ನು 1976ರಲ್ಲಿ ಬಿಲ್ ಮ್ಯಾಂಟ್ಲೊ, ಕೀತ್ ಗಿಫೆನ್ ರಚಿಸಿದರು. ಗ್ರೂಟ್ ಎಲ್ಲರಿಗಿಂತ ಹಿರಿಯ, 1960ರವ. ಆ ಮೊದಲ ಕಥೆಯಲ್ಲಿ ಅವನು ಒಂದು ಗ್ರಹದ ದೊರೆ, ಉದ್ದುದ್ದ ಮಾತಾಡುವ ದೈತ್ಯ. ಭೂಮಿಯ ಒಂದು ಹಳ್ಳಿಯನ್ನೇ ಕಿತ್ತುಕೊಂಡು ಹೋಗಲು ಬಂದವನು. ಕೊನೆಗೆ ಅವನನ್ನು ಮುಗಿಸಿದ್ದು ಗೆದ್ದಲು. ಮರದ ರಾಕ್ಷಸನಿಗೆ ಗೆದ್ದಲಿಗಿಂತ ತಕ್ಕ ವೈರಿ ಬೇರೆ ಯಾವುದುಂಟು? ಈ ವಾಚಾಳಿ ದೊರೆಯ ಬಾಯಿಗೆ ‘ನಾನು ಗ್ರೂಟ್’ ಎಂಬ ಒಂದೇ ಒಂದು ವಾಕ್ಯ ಉಳಿಸಿ, ಸ್ವಭಾವಕ್ಕೆ ಮಮತೆ ತುಂಬಿದಾಗಲೇ ಇವತ್ತು ಮಕ್ಕಳು ಅಪ್ಪಿಕೊಳ್ಳುವ ಗ್ರೂಟ್ ಹುಟ್ಟಿದ. ರೂಪಾಂತರದಲ್ಲಿ ಸೇರಿಸುವ ಕೆಲಸಕ್ಕಿಂತ ಕಳೆಯುವ ಕೆಲಸ ದೊಡ್ಡದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

2008ರ ತಂಡದಲ್ಲಿ ಆಡಮ್ ವಾರ್ಲಾಕ್, ಕ್ವೇಸಾರ್, ಮ್ಯಾಂಟಿಸ್ ಕೂಡ ಇದ್ದರು. ನಿಕೋಲ್ ಪರ್ಲ್‌ಮನ್ ಮೊದಲು ಬರೆದು, ಆಮೇಲೆ ಗನ್ ತಿದ್ದಿ ಬೆಳೆಸಿದ ಚಿತ್ರಕಥೆಯಲ್ಲಿ ಉಳಿದವರು ಐದೇ ಮಂದಿ. ಇದು ಸರಿಯಾದ ಲೆಕ್ಕ. ತಂಡದಲ್ಲಿ ಐದು ಜನ ಇದ್ದರೆ ಅವರೊಳಗೆ ಹತ್ತು ಜೋಡಿಗಳಾಗುತ್ತವೆ. ಏಳು ಜನ ಇದ್ದರೆ 21 ಜೋಡಿ. ನಗು ಹುಟ್ಟುವುದು ಒಬ್ಬೊಬ್ಬನ ಒಳಗಿನಿಂದಲ್ಲ, ಜೋಡಿಗಳ ನಡುವಿನ ತಿಕ್ಕಾಟದಿಂದ. ಎರಡು ಗಂಟೆಯಲ್ಲಿ ಹತ್ತು ಸಂಬಂಧಗಳನ್ನು ಮುಟ್ಟಿ ಬರಬಹುದು, 21 ಆಗುವುದಿಲ್ಲ. 1999ರಲ್ಲಿ ಬಾಬ್ ಬರ್ಡನ್ ಅವರ ಕಾಮಿಕ್ಸ್‌ನಿಂದ ‘ಮಿಸ್ಟರಿ ಮೆನ್’ ಎಂಬ ಸಿನಿಮಾ ಬಂತು. ಅಲ್ಲಿಯೂ ನಗಿಸುವ ಸೂಪರ್‌ಹೀರೊ ತಂಡ, ಒಳ್ಳೊಳ್ಳೆಯ ನಟರು, ಆದರೆ ತಂಡದಲ್ಲಿ ಏಳು ಮಂದಿ. ಒಬ್ಬ ಸಲಿಕೆ ಬೀಸುತ್ತಾನೆ, ಒಬ್ಬ ಚಮಚ-ಮುಳ್ಳು ಎಸೆಯುತ್ತಾನೆ. ಬಹುಪಾಲು ಮಂದಿಯ ಶಕ್ತಿಯೇ ಒಂದು ತಮಾಷೆ, ಆ ತಮಾಷೆ ಒಮ್ಮೆ ನೋಡಿದರೆ ಮುಗಿಯಿತು. ಹಾಕಿದ ದುಡ್ಡು ಹಿಂದೆ ಬರಲಿಲ್ಲ.

ಈಗ ಒಡ್ಡೋಲಗಕ್ಕೆ ಬರೋಣ. ಗನ್ ಇದನ್ನು ಎರಡು ಸುತ್ತಿನಲ್ಲಿ ಮಾಡಿದ್ದಾರೆ. ಮೊದಲ ಸುತ್ತಿನಲ್ಲಿ, ಆಮೇಲೆ ಜೈಲಿನಲ್ಲಿ ಸಿಗುವ ಡ್ರಾಕ್ಸ್‌ನನ್ನು ಬಿಟ್ಟು, ಪ್ರತಿಯೊಬ್ಬರಿಗೂ ಒಂದೊಂದು ಕ್ರಿಯೆ. ಸ್ಟಾರ್‌ಲಾರ್ಡ್ ಎನಿಸಿಕೊಂಡ ಪೀಟರ್ ಕ್ವಿಲ್ ಪಾಳುಬಿದ್ದ ಗ್ರಹದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಣಿಯುತ್ತ ಕಳ್ಳತನಕ್ಕೆ ಹೋಗುತ್ತಾನೆ. ರಾಕೆಟ್ ದಾರಿಹೋಕರನ್ನು ಯಂತ್ರದಲ್ಲಿ ಇಣುಕಿ ನೋಡಿ ಒಬ್ಬೊಬ್ಬರನ್ನೂ ಹೀಯಾಳಿಸುತ್ತಾನೆ. ಅಷ್ಟೊತ್ತಿಗೆ ಗ್ರೂಟ್ ಕಾರಂಜಿಯ ನೀರು ಕುಡಿಯುತ್ತಿರುತ್ತಾನೆ. ಗಮೋರಾ ಖಳನ ಮುಂದೆ ನಿಂತು, ಆ ಕೆಲಸಕ್ಕೆ ನಾನು ಹೋಗುತ್ತೇನೆ ಎನ್ನುತ್ತಾಳೆ. ಇವರಲ್ಲಿ ಯಾರೂ ತಮ್ಮ ಬಗ್ಗೆ ತಾವು ಹೇಳಿಕೊಳ್ಳುವುದಿಲ್ಲ. ಆಮೇಲೆ ನಾಲ್ವರೂ ಬೀದಿ ಜಗಳದಲ್ಲಿ ಸಿಕ್ಕಿಬಿದ್ದು ಪೊಲೀಸರ ವಶವಾಗುತ್ತಾರೆ, ಎರಡನೇ ಸುತ್ತು ಅಲ್ಲಿ. ಒಬ್ಬೊಬ್ಬರನ್ನೇ ನಿಲ್ಲಿಸಿ ಅಧಿಕಾರಿ ಅವರ ದಾಖಲೆ ಓದುತ್ತಾನೆ. ಗ್ರೂಟ್‌ನ ವಿವರದಲ್ಲಿ ಅವನು ರಾಕೆಟ್‌ನ ಕುಂಡದ ಗಿಡವೂ ಹೌದು, ಕಟ್ಟಾಳೂ ಹೌದು ಎಂಬ ಮಾತು ಬರುತ್ತದೆ. ಹಾಡಿ ಪ್ರಸಂಗ ನಡೆಸುವ ಭಾಗವತರ ಜಾಗದಲ್ಲಿ ಅಧಿಕಾರಿ, ತೆರೆಯ ಜಾಗದಲ್ಲಿ ಠಾಣೆಯ ಗೋಡೆ. ಮಿಕ್ಕಂತೆ ಇದು ಒಡ್ಡೋಲಗವೇ.

ಈ ಕ್ರಮ ತಿರುವುಮುರುವಾದರೆ ಕೆಟ್ಟುಹೋಗುತ್ತದೆ. ಮೊದಲು ದಾಖಲೆ ಓದಿ ನಂತರ ಕ್ರಿಯೆ ತೋರಿಸಿದರೆ ದಾಖಲೆ ಬರೀ ಮಾಹಿತಿ. ಅದನ್ನು ಕೇಳಿ ಯಾರೂ ನಗುವುದಿಲ್ಲ. ಕಣ್ಣಾರೆ ಕಂಡ ಮೇಲೆ ಕಿವಿಗೆ ಬಿದ್ದರೆ ನೋಡುವವರು ಎರಡನ್ನೂ ತಾಳೆ ಹಾಕುತ್ತಾರೆ, ನಗು ಬರುವುದು ಆ ತಾಳೆಯಲ್ಲಿ. ಕಾಲೇಜಿನ ಕಿರುಚಿತ್ರಗಳಲ್ಲಿ ಹಿನ್ನೆಲೆ ಧ್ವನಿಯಲ್ಲಿ ಇವನು ರಾಜು, ಇವನಿಗೆ ಸಿಟ್ಟು ಜಾಸ್ತಿ ಎಂದು ಹೇಳಿ ಶುರು ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ರಾಜು ಒಂದು ಬಾಗಿಲನ್ನು ಹೇಗೆ ತೆಗೆಯುತ್ತಾನೆ, ಅದನ್ನು ತೋರಿಸಿದರೆ ಸಾಕು.

ಪರಿಚಯವಾದ ಮೇಲೆ ಅವರೆಲ್ಲ ಒಟ್ಟಿಗಿರಲು ಕಾರಣ ಬೇಕಲ್ಲ? ಸ್ನೇಹ ಇನ್ನೂ ಹುಟ್ಟಿಲ್ಲ. ಇಲ್ಲಿ ಚಿತ್ರಕಥೆ ಬಳಸಿದ್ದು ಒಂದೇ ಒಂದು ಗುಂಡನೆಯ ವಸ್ತು. ಕ್ವಿಲ್‌ಗೆ ಅದು ಮಾರುವ ಸರಕು. ಗಮೋರಾಗೆ ಖಳನ ಕೈಗೆ ಸಿಗದಂತೆ ದೂರ ಒಯ್ಯಬೇಕಾದ ಅಪಾಯ. ಡ್ರಾಕ್ಸ್‌ಗೆ ಆ ವಸ್ತುವೇ ಬೇಡ. ಅದರ ಹಿಂದೆ ಬರುವವನು ಬೇಕು, ಯಾಕೆಂದರೆ ಹೆಂಡತಿ ಮಗಳನ್ನು ಕೊಂದವನು ಅವನೇ. ರಾಕೆಟ್ ಬಂದದ್ದು ಕ್ವಿಲ್‌ನ ತಲೆಗೆ ಕಟ್ಟಿದ 40,000 ಯೂನಿಟ್ ಬಹುಮಾನಕ್ಕೆ. ವಸ್ತುವಿನ ಬೆಲೆ 400 ಕೋಟಿ ಯೂನಿಟ್ ಎಂದು ಕೇಳಿದ ಕ್ಷಣ ಅವನ ಲೆಕ್ಕ ಲಕ್ಷ ಪಟ್ಟು ಬದಲಾಗುತ್ತದೆ, ಹಿಡಿಯಲು ಬಂದವನು ಪಾಲುದಾರನಾಗುತ್ತಾನೆ. ಗ್ರೂಟ್ ಮಾತ್ರ ಏನೂ ಕೇಳುವುದಿಲ್ಲ, ಗೆಳೆಯ ಎಲ್ಲಿಗೋ ಅಲ್ಲಿಗೆ. ಒಬ್ಬನಾದರೂ ಹೀಗೆ ಬಯಕೆಯಿಲ್ಲದವನು ತಂಡದಲ್ಲಿರಬೇಕು. ಎಲ್ಲರೂ ಏನನ್ನಾದರೂ ದೋಚಲು ನಿಂತವರೇ ಆದರೆ ನೋಡುವವರ ಪ್ರೀತಿ ಕೂರಲು ಜಾಗ ಸಿಗುವುದಿಲ್ಲ.

ನಗುವಿನ ಕಟ್ಟೋಣವನ್ನು ಕಲಿಯಬೇಕಾದರೆ ಜೈಲಿನ ದೃಶ್ಯವನ್ನು ಮೂರು ಸಲ ನೋಡಿ, ಒಂದು ಸಲ ಶಬ್ದ ಆರಿಸಿ. ಪಾರಾಗಲು ರಾಕೆಟ್ ಮೂರು ಸಾಮಾನು ಕೇಳುತ್ತಾನೆ: ಕಾವಲುಗಾರನ ಕೈಗೆ ಕಟ್ಟಿದ ಪಟ್ಟಿ, ಒಬ್ಬ ಕೈದಿಯ ಕೃತಕ ಕಾಲು, ಕಾವಲು ಗೋಪುರದ ಹಿಂಬದಿಯಲ್ಲಿರುವ ಬ್ಯಾಟರಿ. ಬ್ಯಾಟರಿ ಕಿತ್ತರೆ ಅಪಾಯದ ಗಂಟೆ ಹೊಡೆಯುತ್ತದೆ, ಆದ್ದರಿಂದ ಅದನ್ನು ಕಟ್ಟಕಡೆಗೆ ಕೀಳಬೇಕು ಎಂದು ಅವನು ಒತ್ತಿ ಹೇಳುವ ಹೊತ್ತಿಗೆ, ಹಿಂದೆ ಮಸುಕಾಗಿ ಗ್ರೂಟ್ ಎತ್ತರಕ್ಕೆ ಬೆಳೆದು ಆ ಬ್ಯಾಟರಿಯನ್ನೇ ಕೀಳುತ್ತಿದ್ದಾನೆ. ಮುಂದೆ ನಿಂತವರಿಗೆ ಗೊತ್ತಿಲ್ಲ, ನಮಗೆ ಕಾಣುತ್ತಿದೆ. ಇಡೀ ಮಾತು ನಡೆಯುವಾಗ ಕ್ಯಾಮೆರಾ ಅವನತ್ತ ಬೊಟ್ಟು ಮಾಡಿ ತೋರಿಸುವುದಿಲ್ಲ. ಆತುರಪಟ್ಟು ಗ್ರೂಟ್‌ನ ಹತ್ತಿರದ ಚಿತ್ರ ಹಾಕಿದ್ದರೆ ನಗು ಅಲ್ಲೇ ಸಾಯುತ್ತಿತ್ತು, ಏಕೆಂದರೆ ಆಗ ತಮಾಷೆಯನ್ನು ಕಂಡುಹಿಡಿದವರು ನಾವಾಗುವುದಿಲ್ಲ, ಯಾರೋ ತೋರಿಸಿದರು ಎಂದಾಗುತ್ತದೆ.

ಇನ್ನೂ ಒಂದು ಸೂಕ್ಷ್ಮ. ಯೋಜನೆ ಕೆಟ್ಟದ್ದು ಯಾರ ದಡ್ಡತನದಿಂದಲೂ ಅಲ್ಲ. ಗ್ರೂಟ್ ಸಹಾಯ ಮಾಡಲು ಹೊರಟವನು. ಬೇಕಾದ ಸಾಮಾನು ತಂದ, ಕ್ರಮ ಮಾತ್ರ ತಪ್ಪಿತು. ತಂಡದ ಹಾಸ್ಯದಲ್ಲಿ ತಪ್ಪು ಒಳ್ಳೆಯ ಉದ್ದೇಶದಿಂದ ಆಗಬೇಕು. ಪೆದ್ದುತನದಿಂದ ಆದರೆ ಆ ಪಾತ್ರದ ಮೇಲಿನ ಗೌರವ ಹೋಗುತ್ತದೆ, ಮುಂದೆ ಅವನು ಪ್ರಾಣ ಕೊಡಲು ನಿಂತಾಗ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಕೃತಕ ಕಾಲಿನ ವಿಷಯ ಬೇರೆ. ಅದು ಬೇಕಾಗಿಯೇ ಇರಲಿಲ್ಲ, ರಾಕೆಟ್ ಸುಮ್ಮನೆ ಕೇಳಿದ್ದ. ಮೂರರಲ್ಲಿ ಎರಡು ನಿಜ, ಒಂದು ಸುಳ್ಳು. ಮೂರೂ ಸುಳ್ಳಾಗಿದ್ದರೆ ಕಥೆ ಕುಸಿಯುತ್ತಿತ್ತು.

ಹಾಸ್ಯಗಾರನ ಬಗ್ಗೆ ಈ ನಾಡಿನವರಿಗೆ ಹೇಳಿಕೊಡಬೇಕಾದ್ದಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆ ಇದು. ನಳನ ಕಥೆಯ ಬಾಹುಕನಾಗಲಿ, ಕಂಸವಧೆಯ ರಜಕನಾಗಲಿ, ಒಳ್ಳೆಯ ಹಾಸ್ಯಗಾರ ರಂಗದ ಮೇಲೆ ತಾನೇ ನಗುವುದಿಲ್ಲ. ಆ ಪಾತ್ರಕ್ಕೆ ತನ್ನ ಸಂಕಟ ನಿಜವಾದ ಸಂಕಟ. ಡ್ರಾಕ್ಸ್ ಪಾತ್ರ ನಿಂತಿರುವುದೂ ಇದರ ಮೇಲೆ. ಅವನ ಜನಾಂಗದಲ್ಲಿ ಅಲಂಕಾರದ ಮಾತೇ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ತೆಗೆದುಕೊಳ್ಳುತ್ತಾನೆ. ಡೇವ್ ಬಟಿಸ್ಟಾ ಇಡೀ ಸಿನಿಮಾದಲ್ಲಿ ಇದನ್ನು ಪರಮ ಗಂಭೀರವಾಗಿ ಆಡಿದ್ದಾರೆ.

ಇದನ್ನು ಕನ್ನಡಕ್ಕೆ ತರುವುದು ಹೇಗೆ? ಇಂಗ್ಲಿಷಿನಲ್ಲಿ ಅರ್ಥವಾಗದ ಮಾತು ತಲೆಯ ಮೇಲಿಂದ ಹಾರಿ ಹೋಗುತ್ತದೆ. ಅವನು ಹಾಗೇ ತಿಳಿದು, ಹಾರಿ ಹೋಗಲು ಬಿಡುವುದಿಲ್ಲ, ಹಿಡಿಯುತ್ತೇನೆ ಎನ್ನುತ್ತಾನೆ. ಇದನ್ನು ಪದಕ್ಕೆ ಪದ ಇಟ್ಟರೆ ಕನ್ನಡದ ಕಿವಿಗೆ ಅಲ್ಲಿ ನುಡಿಗಟ್ಟೇ ಇಲ್ಲ, ನುಡಿಗಟ್ಟಿಲ್ಲದೆ ತಪ್ಪು ತಿಳಿಯಲು ಏನೂ ಇಲ್ಲ. ನಮ್ಮಲ್ಲಿ ಮಾತು ತಲೆಗೆ ಹತ್ತುತ್ತದೆ ಅಥವಾ ಹತ್ತುವುದಿಲ್ಲ. ಹಾಗಾಗಿ ಹೀಗೆ ಮಾಡಬಹುದು:

“ಇವನಿಗೆ ಏನು ಹೇಳಿದರೂ ತಲೆಗೆ ಹತ್ತುವುದಿಲ್ಲ.”

“ನನ್ನ ತಲೆಗೆ ಯಾರೂ ಹತ್ತಲಾರರು. ಅರ್ಧ ಹತ್ತುವಾಗಲೇ ಹಿಡಿದು ಕೆಳಗಿಳಿಸುತ್ತೇನೆ.”

ಪದಗಳು ಪೂರ್ತಿ ಬೇರೆಯಾದವು, ತಮಾಷೆ ಹಾಗೇ ಉಳಿಯಿತು. ಇಂಥ ಪಾತ್ರಕ್ಕೆ ಮಾತು ಬರೆಯುವವರು ಮೊದಲು ಅಂಗಾಂಗಗಳ ನುಡಿಗಟ್ಟುಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಕೈ ಕೊಡು, ಬಾಯಿ ಬಿಡು, ಕಿವಿಗೆ ಹಾಕಿಕೊ, ಹೊಟ್ಟೆ ಉರಿ, ಕಾಲೆಳೆ. ಇವುಗಳಿಗೆಲ್ಲ ಹೊರಗಿನ ಅರ್ಥವೂ ಗಟ್ಟಿಯಾಗಿದೆ, ಆದ್ದರಿಂದ ಅಪಾರ್ಥಕ್ಕೆ ಒದಗುತ್ತವೆ. ಅವನು ನಮಗೆ ಕೈ ಕೊಟ್ಟ ಎಂದರೆ, ಎರಡೂ ಕೈ ಅವನಲ್ಲೇ ಉಂಟಲ್ಲ ಎಂದು ಕೇಳುವವನಿದ್ದರೆ ಸಾಕು.

ನಮ್ಮ ಗಡಿನಾಡಿನವರ ಬಳಿ ಇನ್ನೊಂದು ಗಣಿಯೇ ಉಂಟು. ಕಾಸರಗೋಡಿನಲ್ಲಿ ಒಂದು ತಂಡ ಕಟ್ಟಿದರೆ ಒಬ್ಬ ಕನ್ನಡದವ, ಒಬ್ಬ ಮಲಯಾಳದವ, ಒಬ್ಬ ತುಳುವ ಸಹಜವಾಗಿಯೇ ಬರುತ್ತಾರೆ. ಕನ್ನಡದವ ‘ಪಟ್ಟಿ ತೆಗೆದುಕೊಂಡು ಬಾ’ ಎಂದರೆ ಮಲಯಾಳದವ ನಾಯಿ ಹಿಡಿದುಕೊಂಡು ಬರಬಹುದು, ಯಾಕೆಂದರೆ ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ತುಳುವ ಮರ್ಯಾದೆಯಿಂದ ‘ಬಲೆ’ (ಬನ್ನಿ) ಎಂದು ಕರೆದರೆ ಕನ್ನಡದವ ಮೀನಿನ ಬಲೆ ಎಲ್ಲಿದೆ ಎಂದು ಹುಡುಕಬಹುದು. ಆದರೆ ಇಲ್ಲಿ ಒಂದು ನಿಯಮ ಉಂಟು: ನಾಯಿ ಬಂದದ್ದರಿಂದ ಕಥೆಯಲ್ಲಿ ಏನಾದರೂ ಆಗಬೇಕು. ಪಟ್ಟಿಯಿಲ್ಲದೆ ಕೆಟ್ಟ ಕೆಲಸ ನಾಯಿಯಿಂದ ಕೈಗೂಡಿದರೆ ಅದು ದೃಶ್ಯ, ಇಲ್ಲದಿದ್ದರೆ ಬರೀ ಚಟಾಕಿ.

ಕ್ಲೈಮ್ಯಾಕ್ಸ್‌ನಲ್ಲಿ ಕ್ವಿಲ್ ಖಳನ ಮುಂದೆ ಕುಣಿಯುತ್ತಾನೆ. ಲೋಕ ಮುಳುಗುವ ಹೊತ್ತಿನಲ್ಲಿ ಕುಣಿತ! ಆದರೂ ಅದು ಸಲ್ಲುತ್ತದೆ, ಏಕೆಂದರೆ ಆ ಕುಣಿತದಿಂದ ಖಳ ಗಲಿಬಿಲಿಯಾದ ಕೆಲವೇ ಕ್ಷಣಗಳಲ್ಲಿ ರಾಕೆಟ್ ಬಂದೂಕು ಸಜ್ಜು ಮಾಡುತ್ತಾನೆ. ನಗೆ ಅಲ್ಲಿ ಹೊಟ್ಟೆಪಾಡಿಗೆ ದುಡಿಯುತ್ತಿದೆ. ಇದರ ನಂತರ ಬಂದ ಎಷ್ಟೋ ಸೂಪರ್‌ಹೀರೊ ಸಿನಿಮಾಗಳು ಸೋತದ್ದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ: ದುಃಖದ ಮಾತು ಮುಗಿದು ಎರಡು ಸೆಕೆಂಡ್ ಆಗುವುದರೊಳಗೆ ಒಂದು ಚಟಾಕಿ ಹಾರಿಸಿ, ಅಲ್ಲಿಯವರೆಗೆ ಕಟ್ಟಿದ್ದನ್ನು ತಾವೇ ಕೆಡವುತ್ತಾರೆ. ಜೈಲಿನಲ್ಲಿ ರಾಕೆಟ್‌ನ ಬೆನ್ನಿಗೆ ಹೊಲಿದ ಲೋಹದ ತುಂಡುಗಳನ್ನು ಕ್ವಿಲ್ ನೋಡುವ ಕ್ಷಣ ನೆನಪಿಸಿಕೊಳ್ಳಿ. ಕೆಲವೇ ಸೆಕೆಂಡ್, ಮಾತಿಲ್ಲ, ತಮಾಷೆಯೂ ಇಲ್ಲ. ಮುಂದೆ ಅದೇ ರಾಕೆಟ್ ಕುಡಿದು, ನನ್ನನ್ನು ಹೀಗೆ ಮಾಡಿ ಎಂದು ನಾನು ಕೇಳಿದೆನೇ ಎಂದು ಅಳುವಾಗ ನಮಗೆ ಆ ಬೆನ್ನು ನೆನಪಾಗುತ್ತದೆ.

ತಾಂತ್ರಿಕವಾಗಿ ಎರಡು ವಿಷಯ ಹೇಳಬೇಕು. ರಾಕೆಟ್ ಪೂರ್ತಿ ಕಂಪ್ಯೂಟರಿನಲ್ಲಿ ಮೂಡಿದವನು, ಧ್ವನಿ ಬ್ರಾಡ್ಲಿ ಕೂಪರ್ ಅವರದು. ಆದರೆ ಚಿತ್ರೀಕರಣದ ಜಾಗದಲ್ಲಿ ನಿರ್ದೇಶಕರ ತಮ್ಮ ಶಾನ್ ಗನ್ ಮೊಣಕಾಲು ಮಡಚಿ, ಕುಗ್ಗಿ ನಿಂತು ಆ ಪಾತ್ರವನ್ನು ಆಡಿದರು. ಎದುರಿನ ನಟರ ನೋಟ ಸರಿಯಾದ ಎತ್ತರಕ್ಕೆ ಬೀಳಬೇಕು, ಮಾತಿಗೆ ಮಾತು ಸಿಗಬೇಕು, ಅದಕ್ಕೆ. ಖಾಲಿ ಜಾಗ ನೋಡಿ ಮಾತಾಡಿಸಿದರೆ ನಟರ ಕಣ್ಣು ಆ ಪಾತ್ರದ ಹಿಂದಿನ ಗೋಡೆಗೆ ನೆಟ್ಟಿರುತ್ತದೆ, ಆಮೇಲೆ ಎಂಥ ಗ್ರಾಫಿಕ್ಸ್ ಕೂರಿಸಿದರೂ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಾರೆ ಅನ್ನಿಸುವುದಿಲ್ಲ. ಮೊಬೈಲಿನಲ್ಲಿ ಕಿರುಚಿತ್ರ ಮಾಡುವವರೂ ಒಂದು ಗೊಂಬೆ ಪಾತ್ರ ಇಟ್ಟುಕೊಂಡರೆ, ಅದರ ಕಣ್ಣಿನ ಎತ್ತರಕ್ಕೆ ಕೋಲಿನ ಮೇಲೆ ಕೆಂಪು ಚೆಂಡೊಂದನ್ನು ಸಿಕ್ಕಿಸಿ ಒಬ್ಬನ ಕೈಯಲ್ಲಿ ಕೊಡಿ, ಸಂಭಾಷಣೆಯನ್ನೂ ಅವನೇ ಹೇಳಲಿ.

ಎರಡನೆಯದು ಸಂಗೀತ. ಟೈಲರ್ ಬೇಟ್ಸ್ ಕೆಲವು ಭಾಗಗಳನ್ನು ಚಿತ್ರೀಕರಣಕ್ಕೆ ಮೊದಲೇ ರಚಿಸಿ ಕೊಟ್ಟಿದ್ದರು, ಅದನ್ನು ಸ್ಥಳದಲ್ಲೇ ನುಡಿಸಿ ನಟರ ನಡೆಯನ್ನೂ ಕ್ಯಾಮೆರಾದ ಓಟವನ್ನೂ ಹೊಂದಿಸಿದರು. ಸಾಮಾನ್ಯವಾಗಿ ಹಿನ್ನೆಲೆ ಸಂಗೀತ ಸಂಕಲನದ ನಂತರ ಬರುತ್ತದೆ. ಇಲ್ಲಿ ಭಾಗವತರ ಪದ ಮೊದಲು, ವೇಷದ ಕುಣಿತ ಆಮೇಲೆ. ಕ್ವಿಲ್‌ನ ಕ್ಯಾಸೆಟ್ಟಿನ ಹಳೆಯ ಹಾಡುಗಳಂತೂ ಕಥೆಯ ಒಳಗಿನ ವಸ್ತುವೇ. ತೀರಿಹೋದ ತಾಯಿ ಮಗನಿಗಾಗಿ ಮಾಡಿಕೊಟ್ಟದ್ದು ಅದು. ಹಾಡು ಕೇಳಿ ನಾವು ತಲೆದೂಗುವಾಗಲೂ ಒಳಗೊಂದು ನೋವು ಇರುವುದು ಈ ಕಾರಣಕ್ಕೆ.

ಸಿನಿಮಾ ಬೇಡ, ಕನ್ನಡದಲ್ಲಿ ಇಂಥ ತಂಡದ ಕಾಮಿಕ್ಸನ್ನೇ ಬರೆಯುತ್ತೇವೆ ಎನ್ನುವವರಿಗೂ ಒಂದೆರಡು ಮಾತು. ಅಮೆರಿಕದ ಸಂಚಿಕೆಯಲ್ಲಿ ಕಥೆಗೆ ಸಾಮಾನ್ಯವಾಗಿ 20ರಿಂದ 22 ಪುಟ. ಒಂದು ಪುಟಕ್ಕೆ ಆರು ಚೌಕ, ಒಂದು ಚೌಕದಲ್ಲಿ 35 ಪದ ಮೀರಬಾರದು ಎಂಬುದು ಅಲ್ಲಿಯ ಹಳೆಯ ಲೆಕ್ಕ. ಕನ್ನಡದಲ್ಲಿ ಈ ಲೆಕ್ಕ ಹಿಡಿದರೆ ಚಿತ್ರವೇ ಮುಚ್ಚಿಹೋಗುತ್ತದೆ. ‘ಬರಬೇಕಾಗಿತ್ತೇನೋ’ ಎಂಬ ಒಂದೇ ಪದ ಇಂಗ್ಲಿಷಿನ ನಾಲ್ಕೈದು ಪದಗಳ ಕೆಲಸ ಮಾಡುತ್ತದೆ, ಅಷ್ಟೇ ಜಾಗವನ್ನೂ ತಿನ್ನುತ್ತದೆ. ಚೌಕಕ್ಕೆ 15 ಪದದ ಒಳಗೆ ನಿಲ್ಲಿಸಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಹೆಚ್ಚು ಅಂತರ ಬಿಡಿ; ಮಾತಿನ ಗುಳ್ಳೆ ಅಗಲಕ್ಕಿಂತ ಎತ್ತರಕ್ಕೆ ಬೆಳೆಯುತ್ತದೆ ಎಂದು ಮೊದಲೇ ಎಣಿಸಿ ಚಿತ್ರದಲ್ಲಿ ಜಾಗ ಕಾಯ್ದಿಡಿ. ಕ್ರಿಯಾಪದ ಕೊನೆಗೆ ಬರುವ ನಮ್ಮ ವಾಕ್ಯ ಹಾಸ್ಯಕ್ಕೆ ಹೇಳಿ ಮಾಡಿಸಿದ್ದು. ಏಟು ಬೀಳುವ ಪದವನ್ನು ತುದಿಗೆ ತರಲು ಒದ್ದಾಡಬೇಕಾಗಿಲ್ಲ. ಹಾಗೆಂದು ಆ ಪದವನ್ನು ಗುಳ್ಳೆಯೊಳಗೆ ಎರಡು ಸಾಲಿಗೆ ಮುರಿದರೆ ಏಟು ತಪ್ಪುತ್ತದೆ.

ಕೊನೆಗೆ ಗ್ರೂಟ್‌ನ ಆ ಒಂದು ವಾಕ್ಯ. ವಿನ್ ಡೀಸೆಲ್ ಅದನ್ನು ಇಂಗ್ಲಿಷ್ ಮಾತ್ರವಲ್ಲದೆ ಬೇರೆ ಹಲವು ಭಾಷೆಗಳಲ್ಲೂ ತಾವೇ ಧ್ವನಿಮುದ್ರಿಸಿದರು. ಸಿನಿಮಾದುದ್ದಕ್ಕೂ ಪದ ಒಂದೇ, ದನಿ ಮಾತ್ರ ಬೇರೆ ಬೇರೆ. ಒಂದು ಸಲ ಸಿಟ್ಟು, ಒಂದು ಸಲ ಕ್ಷಮೆ, ಒಂದು ಸಲ ಬರೀ ಕುತೂಹಲ. ಬಾಹ್ಯಾಕಾಶದ ಹಡಗು ನೆಲಕ್ಕೆ ಅಪ್ಪಳಿಸುವ ಮುಂಚೆ ಅವನು ಕೊಂಬೆಗಳನ್ನು ಬೆಳೆಸಿ ಉಳಿದವರ ಸುತ್ತ ಗೂಡು ಕಟ್ಟುತ್ತಾನೆ. ನೀನು ಸಾಯುತ್ತೀ, ಯಾಕೆ ಹೀಗೆ ಮಾಡುತ್ತಿದ್ದೀ ಎಂದು ರಾಕೆಟ್ ಗೋಗರೆಯುವಾಗ ಆ ವಾಕ್ಯ ಮೊದಲ ಸಲ ಬದಲಾಗುತ್ತದೆ. ಇಂಗ್ಲಿಷಿನಲ್ಲಿ ಸರ್ವನಾಮವೂ ಕ್ರಿಯಾಪದವೂ ಎರಡೂ ಬದಲಾಗುವುದರಿಂದ ಕಿವಿ ತಪ್ಪುವ ಭಯ ಇಲ್ಲ. ಕನ್ನಡದಲ್ಲಿ ‘ನಾನು ಗ್ರೂಟ್’ ಎಂಬುದು ‘ನಾವು ಗ್ರೂಟ್’ ಆಗುವಾಗ ಬದಲಾಗುವುದು ಒಂದೇ ಅಕ್ಷರ. ಧ್ವನಿ ಕೊಡುವವರು ‘ನಾವು’ ಆದ ಮೇಲೆ ಅರೆ ಕ್ಷಣ ನಿಲ್ಲಬೇಕು, ಹಿಂದೆ ಸಂಗೀತ ತಗ್ಗಬೇಕು. ಇಲ್ಲದಿದ್ದರೆ ಸಿನಿಮಾದ ಅತಿ ದೊಡ್ಡ ಮಾತು ಯಾರ ಗಮನಕ್ಕೂ ಬಾರದೆ ಹೋದೀತು.

ತುಳುವಿಗೆ ತರುವವರಿಗೆ ಇಲ್ಲಿ ಇನ್ನೊಂದು ಆಯ್ಕೆ ಎದುರಾಗುತ್ತದೆ. ತುಳುವಿನಲ್ಲಿ ‘ನಾವು’ ಎನ್ನಲು ಎರಡು ಪದ: ಕೇಳುವವನನ್ನು ಹೊರಗಿಟ್ಟರೆ ‘ಎಂಕುಲು’, ಒಳಗೆ ಸೇರಿಸಿಕೊಂಡರೆ ‘ನಮ’. ಮಲಯಾಳದಲ್ಲೂ ಹಾಗೆಯೇ, ‘ಞಙ್ಙಳ್’ ಬೇರೆ, ‘ನಮ್ಮಳ್’ ಬೇರೆ. ರಾಕೆಟ್ ಆ ಗೂಡಿನ ಒಳಗೇ ಕೂತು ಕೇಳುತ್ತಿದ್ದಾನೆ. ತುಳುವಿನಲ್ಲಿ ಗ್ರೂಟ್ ಹೇಳಬೇಕಾದ್ದು ‘ನಮ’.